ಮೂರೂವರೆ ಬಸ್ಸಿನ ಹಾರ್ನು

ಕಂಡಕ್ಟರ್ ಆದವನಿಗೆ ಒಂದು ಚಟ ಅಂಟಿಕೊಳ್ಳುತ್ತದೆ. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿದರು ಅಂತ ನೋಡಿಯೇ ಮನುಷ್ಯರ ಹಣೆಬರಹ ಹೇಳುವ ಚಟ. ನನಗೂ ಇತ್ತು. ಆದರೆ ಎರಡು ವರ್ಷ ಕಣ್ಣೆದುರಿಗೇ ಹತ್ತಿ ಇಳಿದ ಒಬ್ಬರನ್ನು ನಾನು ನೋಡಿಯೂ ನೋಡಲಿಲ್ಲ. ಅದರ ಸಿಟ್ಟು ಇವತ್ತಿಗೂ ನನ್ನ ಮೇಲೆಯೇ ಇದೆ.

೧೯೭೯ರ ಮಾತು. ನನ್ನದು ದೇವದುರ್ಗದಲ್ಲಿ ರಾತ್ರಿ ನಿಲ್ಲುವ ಬಸ್ಸು. ಬೆಳಿಗ್ಗೆ ಆರಕ್ಕೆ ರಾಯಚೂರಿಗೆ, ಎಂಟೂವರೆಗೆ ಅಲ್ಲಿಂದ ತಿರುಗಿ ಹತ್ತೂವರೆಗೆ ದೇವದುರ್ಗ. ಮತ್ತೆ ಮಧ್ಯಾಹ್ನ ಮೂರೂವರೆಗೆ ರಾಯಚೂರಿಗೆ ಹೊರಟು, ರಾತ್ರಿ ಎಂಟರ ಹೊತ್ತಿಗೆ ಮನೆ. ಅಪ್ಪ ಅವ್ವ ಕೂಲಿ ಮಾಡಿ ಬದುಕಿದವರು. ನಮ್ಮ ಓಣಿಯಲ್ಲಿ ಸರ್ಕಾರಿ ಖಾಕಿ ತೊಟ್ಟವನು ನಾನೇ ಮೊದಲು. ಶಾಲೆಯಲ್ಲಿ ಮೊದಲ ನಾಲ್ಕು ವರ್ಷ ಬಾಗಿಲ ಹತ್ತಿರ ಬೇರೆ ಕೂತು ಕಲಿತವನು. ಆಗಿನ ಮಾಸ್ತರರು ನನ್ನನ್ನು 'ಲೇ' ಅಂತ ಕರೆದರೇ ಹೊರತು, ತಾಯಣ್ಣ ಎಂಬ ಹೆಸರು ಅವರಿಗೆ ಹಾಜರಿ ಪುಸ್ತಕದಲ್ಲಷ್ಟೇ ಗೊತ್ತಿತ್ತು.

ಅಂಥವನ ಬಸ್ಸಿಗೆ ಶರಣಯ್ಯ ಮಾಸ್ತರರು ದಿನಾ ಹತ್ತುತ್ತಿದ್ದರು. ನನ್ನ ಮಗಳು ಗೋಪಮ್ಮ ಓದುತ್ತಿದ್ದ ಶಾಲೆಯಲ್ಲಿ ಅವರು ಲೆಕ್ಕ ಕಲಿಸುವವರು. ಮನೆ ರಾಯಚೂರಲ್ಲಿ. ಹಣೆಗೆ ವಿಭೂತಿ, ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಊಟದ ಡಬ್ಬಿ. ಮೊದಲ ದಿನವೇ, "ಹೆಂಗದೀರಿ ತಾಯಣ್ಣಾರ?" ಅಂತ ಕೇಳಿ ನನ್ನ ಹೆಗಲ ಮೇಲೆ ಕೈಯಿಟ್ಟರು. ನಾನು ಕರಗಿ ನೀರಾಗಿ ಹೋದೆ. ಮಾರನೆಯ ದಿನದಿಂದ ಮುಂದಿನ ಸೀಟಿಗೆ ಅವರ ಸಲುವಾಗಿ ನನ್ನ ಟವೆಲ್ಲು ಬಿತ್ತು. ಡ್ರೈವರ್ ಹುಸೇನಪೀರನಿಗೂ ಹೇಳಿದೆ, ಮಧ್ಯಾಹ್ನ ಸ್ಟ್ಯಾಂಡ್ ಬಿಟ್ಟು ಶಾಲೆಯ ಮೂಲೆಗೆ ಬಂದಾಗ ಎರಡು ಸಲ ಹಾರ್ನ್ ಹೊಡಿ, ಪಾಪ ಮಾಸ್ತರರು ಬಿಸಿಲಲ್ಲಿ ಸ್ಟ್ಯಾಂಡಿನ ತನಕ ನಡೆಯುವುದು ಬೇಡ ಅಂತ. ಅವನು ಹೊಡೆದ. ಎರಡು ವರ್ಷ ತಪ್ಪದೆ ಹೊಡೆದ.

ಆ ವರ್ಷ ಗೋಪಮ್ಮ ಏಳನೆಯ ತರಗತಿ. ಏಳಕ್ಕೆ ಆಗ ಬೋರ್ಡ್ ಪರೀಕ್ಷೆ. ಶ್ರಾವಣದಲ್ಲಿ ಒಂದು ದಿನ ಮಾಸ್ತರರು ಬಸ್ಸಿನಲ್ಲಿ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ತಾಯಣ್ಣಾರ, ನಿಮ್ಮ ಹುಡುಗಿ ಭಾಳ ಶಾಣ್ಯಾ ಅದಾಳ. ಈ ಊರಾಗ ಇಟ್ಟು ಕೆಡಸಬ್ಯಾಡ್ರಿ. ರಾಯಚೂರಿಗೆ ಬಂದುಬಿಡ್ರಿ. ನಮ್ಮ ಓಣ್ಯಾಗ ಒಂದು ಖೋಲಿ ಖಾಲಿ ಅದ, ಮಾಲಕರಿಗೆ ನಾ ಹೇಳ್ತೀನಿ."

"ನೀವೂ ಹಂಗೇ ಊರು ಬಿಟ್ರೇನ್ರಿ?"

"ಮತ್ತ? ಮಗನ ಸಲುವಾಗೇ ಮನಿ ಎತ್ತಿದ್ದು. ದೇವದುರ್ಗದಾಗ ಎಲ್ಲಿ ಕಲಸ್ತಾರ್ರಿ?"

ನಾನು ಹೌದು ಹೌದು ಅಂತ ಗೋಣು ಹಾಕಿದೆ. ದೇವದುರ್ಗದಲ್ಲಿ ಕಲಿಸಬೇಕಾದವರು ಯಾರು ಎಂಬುದು ನನ್ನ ಮಡ್ಡ ತಲೆಗೆ ಹೊಳೆಯಲೇ ಇಲ್ಲ. ಅವರ ಓಣಿಯಲ್ಲಿ, ಅವರ ಪಕ್ಕದಲ್ಲಿ, ನನಗೆ ಖೋಲಿ! ಅದೊಂದೇ ತಲೆಯಲ್ಲಿ ಕುಣಿಯುತ್ತಿತ್ತು.

ಮನೆಗೆ ಬಂದು ಹೇಳಿದಾಗ ಹೆಂಡತಿ ಯಮನಮ್ಮ ಎಮ್ಮೆಗೆ ನೀರು ಕುಡಿಸುತ್ತಿದ್ದಳು. ಅವಳು ಆಡಿದ ಮೊದಲ ಮಾತೇ, "ಇದನ್ನ ಎಲ್ಲಿ ಕಟ್ಟಲಿ? ನಿನ್ನ ಬಸ್ಸಿನ್ಯಾಗೇನು?"

"ನಿನ್ನ ತಮ್ಮ ಯಂಕೋಬ ಮಾನ್ವಿ ಬಿಟ್ಟು ರಾಯಚೂರಿಗೆ ಹೋಗಲಿಲ್ಲೇನು? ಅವನ ಮಗ ಹೆಂಗ ಓದಾಕತ್ತಾನ ನೋಡು."

"ಓದ್ತಾನ, ಇಲ್ಲಂದವರ್ಯಾರು? ಅವನ ಹೇಣ್ತಿ ಮಾತ್ರ ಖೋಲ್ಯಾಗ ಕುಂತು ಗ್ವಾಡಿ ಜೋಡಿ ಮಾತಾಡ್ತಾಳ. ಅದನ್ನೂ ನೋಡಿ ಬಂದೀನಿ."

ಮೂರು ದಿನ ಅವಳು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಆ ಎಮ್ಮೆ ಅವಳು ಕರುವಿದ್ದಾಗಿಂದ ಸಾಕಿದ್ದು. ಓಣಿಯ ಹೆಂಗಸರು ಸಂಜೆ ಅದರ ಸುತ್ತಲೇ ಸೇರುತ್ತಿದ್ದರು. ನಾಲ್ಕನೆಯ ದಿನ, "ಕೂಸಿನ ಸಲುವಾಗಿ ಅಂದ್ರ ಆತು," ಎಂದಳು. ಬರುವ ಸಂತೆಗೆ ಬಂದು ಎಮ್ಮೆ ಹೊಡೆದುಕೊಂಡು ಹೋಗೆಂದು ಪೋತ್ನಾಳದ ದನದ ವ್ಯಾಪಾರಿ ವಿರೂಪಣ್ಣನಿಗೆ ಹೇಳಿ ಕಳಿಸಿದ್ದೂ ಆಯಿತು.

ಸಂತೆಗೆ ಎರಡು ದಿನ ಮುಂಚೆ ನನಗೆ ವಾರದ ರಜೆ ಇತ್ತು. ರಾಯಚೂರಿನ ಶಾಲೆಯಲ್ಲಿ ಮಗಳು ಹಿಂದೆ ಬೀಳಬಾರದಲ್ಲ ಅಂತ ಅವಳ ಲೆಕ್ಕದ ನೋಟ್‌ಬುಕ್ ತೆಗೆದು ನೋಡಿದೆ. ನಾಲ್ಕು ಪುಟ ಭಿನ್ನರಾಶಿ, ಆಮೇಲೆ ಬರೀ ಬಿಳಿ ಹಾಳೆ.

"ಇಲ್ಲಿಂದ ಮುಂದ ಯಾಕ ಖಾಲಿ ಅದ ಗೋಪವ್ವ?"

"ಹೇಳಿಲ್ಲ ಯಪ್ಪಾ. ಲೆಕ್ಕ ಕಡೀ ಎರಡು ಪೀರಿಯಡ್. ಅದು ಸುರು ಆಗೂದ್ರಾಗ ನಿನ್ನ ಹಾರ್ನ್ ಆಗ್ತದ, ಮಾಸ್ತರ ಹೋಗ್ತಾರ."

"ಆಮ್ಯಾಲೆ?"

"ಆಮ್ಯಾಲೇನು, ಶಾಲಿ ಬಿಡ್ತದ. ದೊಡ್ಡ ಮಾಸ್ತರ ಜಾಗಾ ಖಾಲಿನ ಅದಲ್ಲ, ಕೇಳವರ್ಯಾರು?" ಅವಳು ನಕ್ಕಳು. "ಕ್ಲಾಸಿನ್ಯಾಗ ಎಲ್ಲಾರಿಗೂ ನನ್ನ ಕಂಡ್ರ ಭಾಳ ಪ್ರೀತಿ ಯಪ್ಪಾ. 'ನಿಮ್ಮಪ್ಪ ಬಂದ, ಶಾಲಿ ಬಿಡ್ತು' ಅಂತ ಕುಣೀತಾರ."

ನನ್ನ ಮೈಯೆಲ್ಲ ಉರಿದುಹೋಯಿತು. ಮೊದಲು ಮಾಸ್ತರರ ಮೇಲೆ. ಆಮೇಲೆ ಆ ಉರಿ ತಿರುಗಿ ನನ್ನ ಮೇಲೆಯೇ ಬಂತು. ಶಾಲೆಯ ಗಂಟೆಯನ್ನು ಎರಡು ವರ್ಷದಿಂದ ಬಾರಿಸುತ್ತಿದ್ದವನು ನಾನು. ಒಬ್ಬರು ಮರ್ಯಾದೆ ಕೊಟ್ಟು ಮಾತಾಡಿದರು ಅಂತ ನನ್ನ ಮಗಳ ದಿನಕ್ಕೆ ಒಂದೂವರೆ ತಾಸು ಎತ್ತಿ ಅವರ ಕೈಗೆ ಕೊಟ್ಟಿದ್ದೆ. ನಾಚಿಕೆಯಿಂದ ಮಗಳ ಮುಖ ನೋಡಲಾಗಲಿಲ್ಲ.

ಯಮನಮ್ಮ ಒಲೆಯ ಮುಂದೆ ಕೂತೇ ಎಲ್ಲ ಕೇಳಿಸಿಕೊಂಡಿದ್ದಳು. "ಮಾಸ್ತರನ್ನ ದಿನಾ ಊರು ಬಿಡಿಸಿಕೊಂಡು ಹೋಗಾಂವ ನೀನು. ಈಗ ಅವರ ಬೆನ್ನ ಹತ್ತಿ ನಾವು ಊರು ಬಿಡಬೇಕು. ಅದರ ಸಲುವಾಗಿ ಎಮ್ಮಿ ಮಾರಬೇಕು. ಏನು ಶಾಣ್ಯಾತನ ಮಾರಾಯ ನಿಂದು!"

ಮರುದಿನ ಮೂರೂವರೆಗೆ ಟವೆಲ್ಲನ್ನು ಹೆಗಲ ಮೇಲೇ ಇಟ್ಟುಕೊಂಡೆ. ಹಾರ್ನ್ ಬೇಡವೆಂದು ಹುಸೇನಪೀರನಿಗೆ ಹೇಳಿದೆ. ಮಾಸ್ತರರು ಬಸ್ಸು ಕಂಡು ಛತ್ರಿ ಎತ್ತಿ ಓಡಿ ಬಂದರು. ಹತ್ತಿದರು. ಸೀಟಿರಲಿಲ್ಲ. ಗಬ್ಬೂರಿನ ತನಕ ರಾಡು ಹಿಡಿದು ನಿಂತರು. ಗಬ್ಬೂರಲ್ಲಿ ಮಂದಿ ಇಳಿದು ಸೀಟು ಸಿಕ್ಕಾಗ ನನ್ನನ್ನು ಕರೆದರು.

"ನನ್ನಿಂದ ಏನು ತಪ್ಪಾತ್ರಿ ತಾಯಣ್ಣಾರ?"

"ಗೋಪಮ್ಮನ ನೋಟ್‌ಬುಕ್ ನೋಡಿದೆ ಮಾಸ್ತರ."

ಅವರ ಮುಖ ಕಪ್ಪಿಟ್ಟಿತು. ಡಬ್ಬಿಯ ಮುಚ್ಚಳ ಒತ್ತುತ್ತ ಹೇಳಿದರು, "ಇದು ಬಿಟ್ರ ಏಳಕ್ಕ ಒಂದು ಬಸ್ಸು. ಅದಕ್ಕ ಹೋದ್ರ ನನ್ನ ಮಗನ ಮಾರಿ ಯಾವಾಗ ನೋಡಲಿ? ಅವನ ಸಲುವಾಗೇ ಮನಿ ಎತ್ತಿ, ಅವಂಗೇ ತಂದಿ ಇಲ್ಲಧಂಗ ಮಾಡಲೇನು? ನೀವೇ ಹೇಳ್ರಿ, ತಂದಿ ಆಗಿ ನಾ ಮಾಡಿದ್ದು ತಪ್ಪೇನು?"

ತಪ್ಪು ಅಂತ ಮುಖಕ್ಕೆ ಹೊಡೆದ ಹಾಗೆ ಹೇಳಬೇಕೆಂದೇ ಹೊರಟಿದ್ದೆ. ಆದರೆ ನನ್ನ ಎಮ್ಮೆಗೆ ಗಿರಾಕಿ ನಾಳೆ ಬರುವವನಿದ್ದ. ನಾನೂ ಅದೇ ದಾರಿ ಹಿಡಿದವನೇ.

"ತಪ್ಪಲ್ರಿ," ಎಂದೆ. "ಆದ್ರ ಆ ಕ್ಲಾಸಿನ್ಯಾಗ ನಲವತ್ತು ಹುಡುಗ್ರು ಅದಾವ. ಅವಕ್ಕೂ ತಂದಿ ಅದಾರ. ಅಷ್ಟೂ ಮಂದಿಗೆ ನಿಮ್ಮ ಓಣ್ಯಾಗ ಖೋಲಿ ಸಿಗ್ತಾವೇನ್ರಿ?"

ರಾತ್ರಿಯಿಡೀ ಯೋಚಿಸಿ ತಂದಿದ್ದನ್ನು ನಾನು ಆಗ ಹೊರಗೆ ತೆಗೆದೆ. ಈ ಬಸ್ಸು ಮೂರೂವರೆ ಬದಲು ಐದೂಕಾಲಿಗೆ ಬಿಡಬೇಕು ಅಂತ ಡಿಪೋಗೆ ಅರ್ಜಿ ಕೊಡುವುದು. ತಾಲೂಕು ಕಚೇರಿಗೆ ಬಂದ ರೈತರಿಗೂ ಮೂರೂವರೆಗೆ ಕೆಲಸ ಮುಗಿಯುತ್ತಿರಲಿಲ್ಲ, ದಿನಾ ಬೈದುಕೊಂಡು ಹತ್ತುತ್ತಿದ್ದರು. ಬಿಳಿ ಹಾಳೆಯೊಂದನ್ನು ಮಾಸ್ತರರ ಡಬ್ಬಿಯ ಮೇಲಿಟ್ಟೆ.

"ನನ್ನ ಅಕ್ಷರ ಕಾಗಿ ಕಾಲು ಗುಬ್ಬಿ ಕಾಲು. ಸಾಹೇಬರು ಓದೂಹಂಗ ನೀವು ಬರೀಬೇಕು."

ಕಲ್ಮಲಾ ಬರುವ ತನಕ ಅವರು ಕಿಟಕಿಯ ಹೊರಗೇ ನೋಡುತ್ತಿದ್ದರು. ಬರೆಯುವುದಿಲ್ಲ ಅಂತಲೇ ನಾನು ತಿಳಿದೆ. ಆಮೇಲೆ ಜೇಬಿನಿಂದ ಪೆನ್ನು ತೆಗೆದು, "ಹುಸೇನಪೀರ, ಸ್ವಲ್ಪ ಸಾವಕಾಶ ಹೊಡಿಯಪ್ಪಾ, ಅಕ್ಷರ ಕೆಡ್ತಾವ," ಎಂದರು. ಮುತ್ತಿನಂಥ ಅಕ್ಷರದಲ್ಲಿ ಅರ್ಜಿ ಬರೆದರು. ಬಸ್ಸಿನಲ್ಲಿದ್ದವರೆಲ್ಲ ಸಹಿಯೋ ಹೆಬ್ಬೆಟ್ಟೋ ಒತ್ತಿದ ಮೇಲೆ ಕಡೆಗೆ ತಾವೂ ಸಹಿ ಹಾಕಿದರು.

ಸಂತೆಯ ದಿನ ಬಂದ ವಿರೂಪಣ್ಣನನ್ನು ಯಮನಮ್ಮ ಚಹಾ ಕೊಟ್ಟು ವಾಪಸ್ ಕಳಿಸಿದಳು. "ಸಾಹೇಬ್ರು ಒಪ್ಪಲಿಲ್ಲಂದ್ರ?" ಅಂತ ನನ್ನನ್ನು ಕೇಳಿದಳು. "ಆಗ ಎಮ್ಮಿ ಮಾರೂಣು, ರಾಯಚೂರಿಗೆ ಹೋಗೂಣು," ಎಂದೆ. ಆರು ವಾರ ನಾವಿಬ್ಬರೂ ಎಮ್ಮೆಯ ಮುಖ ನೋಡುತ್ತ ಕಾದೆವು. ದಸರೆ ರಜೆ ಮುಗಿಯುವ ಹೊತ್ತಿಗೆ ಡಿಪೋದ ಗೋಡೆಗೆ ಹೊಸ ವೇಳಾಪಟ್ಟಿ ಅಂಟಿಸಿದರು. ದೇವದುರ್ಗದಿಂದ ಐದೂಕಾಲು.

ಗೋಪಮ್ಮ ಆ ವರ್ಷ ಪಾಸಾದಳು, ಲೆಕ್ಕದಲ್ಲಿ ಅರವತ್ತೆಂಟು. ಮನೆ ಎತ್ತಿದವರೆಲ್ಲ ದಡ್ಡರು ಅಂತ ನಾನು ಹೇಳುವುದಿಲ್ಲ. ಮುಂದೆ ಕಾಲೇಜಿಗೆ ಅವಳೂ ರಾಯಚೂರಿಗೇ ಹೋಗಿ ಹಾಸ್ಟೆಲ್ಲಿನಲ್ಲಿದ್ದಳು. ಇದ್ದೂರಿನಲ್ಲೇ ಸಿಗಬೇಕಾದದ್ದನ್ನು ಕೇಳದೆ ಗಂಟು ಕಟ್ಟಿದ್ದೆನಲ್ಲ, ನನಗೆ ನೋಯುವುದು ಅದು.

ಹೊಸ ವೇಳೆಯ ಮೊದಲ ದಿನ ನನಗೆ ಚೆನ್ನಾಗಿ ನೆನಪಿದೆ. ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಐದಕ್ಕೆ ಶಾಲೆಯ ಗಂಟೆ ಬಾರಿಸಿದ್ದು ಅಲ್ಲಿಗೆ ಕೇಳಿಸಿತು. ಬಸ್ಸು ಶಾಲೆಯ ಮೂಲೆಗೆ ಬಂದಾಗ ಮಾಸ್ತರರು ಛತ್ರಿ ಹಿಡಿದು ನಿಂತಿದ್ದರು, ಪಕ್ಕದಲ್ಲಿ ಗೋಪಮ್ಮ. ಅವಳು ಕಿಟಕಿಯೊಳಗೆ ನೋಟ್‌ಬುಕ್ ಚಾಚಿ ತೋರಿಸಿದಳು. ಎರಡು ಪುಟ ತುಂಬಿದ್ದವು.

"ಯಪ್ಪಾ, ಯಾರೂ ನನ್ನ ಜೋಡಿ ಮಾತಾಡವಲ್ರು. 'ನಿಮ್ಮಪ್ಪ ತಡಾ ಮಾಡ್ಯಾನ' ಅಂತಾರ."

"ನಾಕು ದಿನ ತಡಿ, ಮಾತಾಡ್ತಾರ," ಎಂದೆ.

ಕಚೇರಿಯ ಮಂದಿಯಿಂದ ಬಸ್ಸು ತುಂಬಿತ್ತು. ಮಾಸ್ತರರು ರಾಡಿಗೆ ಕೈ ಹಾಕಿದರು. ನಾನು ಎದ್ದು ಅವರನ್ನು ನನ್ನ ಸೀಟಿನಲ್ಲಿ ಕೂರಿಸಿದೆ.

"ನಾ ಮುಟ್ಟೂದ್ರಾಗ ನನ್ನ ಮಗ ಉಂಡು ಮಲಗೋ ಹೊತ್ತಾಗ್ತದ," ಎಂದರು, ನನ್ನ ಕಡೆ ನೋಡದೆ.

"ನಾ ಇನ್ನೂ ವಾಪಸ್ ಹೋಗಬೇಕ್ರಿ. ನನ್ನ ಮಗಳೂ ಮಲಗಿರ್ತಾಳ."

ಮಾಸ್ತರರು ತಲೆಯಾಡಿಸಿದರು. ನನಗೆ ಅವರ ಮೇಲಿದ್ದ ಸಿಟ್ಟು ಅಷ್ಟೊತ್ತಿಗೆ ಇಳಿದಿತ್ತು. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದೆ.

"ನಾಳಿಂದ ಮುಂದಿನ ಸೀಟಿಗೆ ಹಾಕಲೇನ್ರಿ?"

"ಹಾಕ್ರಿ," ಎಂದರು. "ಹಾರ್ನ್ ಮಾತ್ರ ಬ್ಯಾಡ."