ಅಧ್ಯಕ್ಷರ ಮನೆಯ ಮಾತ್ರೆ

ಅಪಾಯ ಎಲ್ಲಿದ್ದರೂ ಲಿಫ್ಟ್ ಇನ್‌ಸ್ಪೆಕ್ಟರ್ ಸಾಹೇಬರ ಕಣ್ಣಿಗೆ ಬಿದ್ದೇ ಬೀಳುತ್ತಿತ್ತು, ಅದು ಬೇರೆಯವರ ಕಟ್ಟಡದಲ್ಲಿದ್ದರೆ. ತಂತಿಹಗ್ಗ ಎಷ್ಟು ಸವೆದಿದೆ, ಬಾಗಿಲು ಸರಿಯಾಗಿ ಕಚ್ಚಿಕೊಳ್ಳುತ್ತದೋ ಇಲ್ಲವೋ, ಒಳಗೆ ಸಿಕ್ಕಿಬಿದ್ದವರು ಗಂಟೆ ಒತ್ತಿದರೆ ಹೊರಗಿನವರಿಗೆ ಕೇಳಿಸುತ್ತದೋ ಇಲ್ಲವೋ ಎಂದು ನೋಡುವುದು, ಸರಿಯಿಲ್ಲದಿದ್ದರೆ ಕೆಂಪು ಚೀಟಿ ಅಂಟಿಸಿ ಬರುವುದು ಅವರ ಕೆಲಸ. ಇಂಥ ಮನುಷ್ಯ ಮಗಳ ಶಾಲೆಯ ಪೋಷಕರ ಸಭೆಗೆ ಹೋಗಿ ಸುಮ್ಮನೆ ಕೂತು ಬರುವುದುಂಟೇ? ಹುಡುಗರು ಅದೇನನ್ನೋ ಸೇದುತ್ತಾರಂತೆ, ನುಂಗುತ್ತಾರಂತೆ ಎಂಬ ಗುಸುಗುಸು ಎದ್ದದ್ದೇ ತಡ, ಸಾಹೇಬರು ಎದ್ದು ನಿಂತರು. ನಿಂತವರು ಕೂರಲಿಲ್ಲ. ಇವರು ಕೂತರೆ ಸಾಕಪ್ಪಾ ಎಂದು ಉಳಿದವರು ಒಕ್ಕೊರಲಿನಿಂದ ಅವರನ್ನು ಮಾದಕ ವಸ್ತು ವಿರೋಧಿ ಸಮಿತಿಯ ಅಧ್ಯಕ್ಷರನ್ನಾಗಿ ಮಾಡಿಬಿಟ್ಟರು. ಅವರು ಅದನ್ನು ಜನಪ್ರೀತಿ ಎಂದು ತಿಳಿದರು.

ಸಮಿತಿಗೆ ಖಜಾಂಚಿಯಾಗಿ ಬಂದವರು ಸೋಫಾ ಅಂಗಡಿಯ ಯಜಮಾನರು. ಇವರ ಮಗಳು ಮತ್ತು ಅಧ್ಯಕ್ಷರ ಮಗಳು ಒಂದೇ ಬೆಂಚಿನ ಗೆಳತಿಯರು. ತಲೆತುಂಬ ಸುರುಳಿ ಕೂದಲಿದ್ದ ಸೋಫಾದವರ ಮಗಳನ್ನು ಎಲ್ಲರೂ ಗುಂಗುರು ಎಂದೇ ಕರೆಯುತ್ತಿದ್ದರು. ಸಮಿತಿ ಮಾಡಿದ ಮೊದಲ ಕೆಲಸ ಎದೆಗೆ ಚುಚ್ಚಿಕೊಳ್ಳುವ ಬ್ಯಾಡ್ಜ್ ಮಾಡಿಸಿದ್ದು. ಎರಡನೆಯದು, ಬ್ಯಾಡ್ಜಿನ ಬಣ್ಣ ಚೆನ್ನಾಗಿಲ್ಲವೆಂದು ಮತ್ತೆ ಮಾಡಿಸಿದ್ದು. ಮೂರನೆಯದು ಶಾಲೆಯ ಸಭಾಂಗಣದಲ್ಲಿ ಜಾಗೃತಿ ಕಾರ್ಯಕ್ರಮ.

ಆವತ್ತು ಪರದೆಯ ಮೇಲೆ ತಲೆಬುರುಡೆ ಬಂತು, ಕಪ್ಪಾದ ಶ್ವಾಸಕೋಶ ಬಂತು, ಮುಖಕ್ಕೆ ಟೋಪಿ ಎಳೆದುಕೊಂಡು ಕತ್ತಲ ಸಂದಿಯಲ್ಲಿ ನಿಂತ ಒಬ್ಬ ಕೇಡಿಯ ಚಿತ್ರ ಬಂತು. "ಇವನೇ ನಿಮ್ಮ ಶತ್ರು! ಇವನು ಕೊಟ್ಟರೆ ಏನನ್ನಬೇಕು?" ಎಂದು ಅಧ್ಯಕ್ಷರು ಗುಡುಗಿದರು. "ಬೇಡಾ!" ಎಂದು ಮಕ್ಕಳು ಛಾವಣಿ ಹಾರುವಂತೆ ಕೂಗಿದರು. ಕೂಗದೆ ಏನು ಮಾಡಿಯಾರು? ಕಾರ್ಯಕ್ರಮದಿಂದಾಗಿ ಗಣಿತದ ತರಗತಿ ರದ್ದಾಗಿತ್ತು.

ಕೊನೆಗೆ ಪ್ರಶ್ನೆಗಳಿದ್ದರೆ ಕೇಳಿ ಎಂದರು. ಪ್ರಶ್ನೆ ಇರುವುದಿಲ್ಲ ಎಂಬ ಧೈರ್ಯದ ಮೇಲೆ ಕೇಳುವ ಮಾತು ಅದು. ಎದ್ದು ನಿಂತವಳು ಅವರ ಮಗಳೇ.

"ಸರ್," ಎಂದಳು. ಹೆತ್ತಪ್ಪನನ್ನು ಸರ್ ಎಂದಾಗಲೇ ಅವರಿಗೆ ಕೇಡಿನ ವಾಸನೆ ಬಡಿಯಬೇಕಿತ್ತು. "ನನ್ನ ಸ್ನೇಹಿತೆ ಏನೋ ತಗೊಂಡು ಬಿದ್ದಿದ್ದಾಳೆ ಅಂದ್ಕೊಳ್ಳಿ. ಎಬ್ಬಿಸಿದ್ರೂ ಏಳ್ತಿಲ್ಲ. ನಾನು ಮೊದಲು ಏನ್ ಮಾಡ್ಬೇಕು?"

"ಅಂಥ ಸ್ನೇಹಿತೆಯ ಸಹವಾಸವನ್ನ ಮೊದಲೇ ಬಿಡಬೇಕು!"

ಪೋಷಕರ ಸಾಲಿನಿಂದ ಭರ್ಜರಿ ಚಪ್ಪಾಳೆ.

"ಬಿಟ್ಟೆ ಸರ್. ಆದ್ರೂ ಅವಳು ಇನ್ನೂ ನೆಲದ ಮೇಲೆ ಬಿದ್ದಿದ್ದಾಳೆ. ಈಗ ಏನ್ ಮಾಡ್ಲಿ?"

ಅಧ್ಯಕ್ಷರು ಗಡಿಯಾರ ನೋಡಿದರು. ಸಮಯ ಮೀರಿತ್ತು. ಉತ್ತರ ಗೊತ್ತಿಲ್ಲದವರ ಪಾಲಿಗೆ ಸಮಯ ಯಾವಾಗಲೂ ಮೀರಿರುತ್ತದೆ.

ಮನೆಗೆ ಬಂದವರೇ ಕೂಗಾಡಿದರು. "ನಾಲ್ಕು ಜನರ ಮುಂದೆ ನನ್ನ ಮಾನ ಹರಾಜು ಹಾಕಿದ್ಯಲ್ಲ! ಯಾರು ನಿನಗೆ ಅಂಥಾ ಸ್ನೇಹಿತೆ? ಹೆಸರು ಹೇಳು!"

"ಅಂದ್ಕೊಳ್ಳಿ ಅಂದೆ ಅಪ್ಪ. ಯಾರೂ ಇಲ್ಲ."

"ಬೆಂಕಿ ಇಲ್ಲದೆ ಹೊಗೆ ಆಡುತ್ತಾ?"

ಮಗಳು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವ ಹೆಂಡತಿ ಆಗತಾನೇ ಬಂದು ಚಪ್ಪಲಿ ಬಿಡುತ್ತಿದ್ದಳು. "ರೀ, ಅವಳು ಕೇಳಿದ್ದಕ್ಕೆ ಉತ್ತರ ಏನು?" ಎಂದಳು. ಸಾಹೇಬರು ಟಿವಿಯ ಸದ್ದು ಜಾಸ್ತಿ ಮಾಡಿದರು. ಆಕೆ ಮಗಳ ಬಾಗಿಲು ತಟ್ಟಿ ಒಳಗೆ ಹೋದಳು. "ನನಗೂ ಗೊತ್ತಿಲ್ಲ ಕಣೇ. ಕೇಳ್ಕೊಂಡು ಬಂದು ಹೇಳ್ತೀನಿ," ಎಂದಳು. ಮರುದಿನ ಅಂಗಡಿಯ ಪಕ್ಕದ ಕ್ಲಿನಿಕ್ಕಿನಲ್ಲಿ ಕೇಳಿಕೊಂಡು ಬಂದು ಹೇಳಿಯೂ ಹೇಳಿದಳು. ಅಧ್ಯಕ್ಷರಿಗೆ ಇದು ತಿಳಿಯಲಿಲ್ಲ. ಅವರು ಪತ್ತೇದಾರಿಕೆಯಲ್ಲಿ ಮುಳುಗಿದ್ದರು.

ಮಗಳು ಸ್ನಾನಕ್ಕೆ ಹೋದರೆ ಇವರು ಅವಳ ಬ್ಯಾಗಿಗೆ ಮೂಗು ತೂರಿಸುವರು. ಊಟಕ್ಕೆ ಕೂತರೆ ಲಿಫ್ಟಿನ ಅಡಿಯ ಗುಂಡಿ ನೋಡುವ ಟಾರ್ಚಿನಿಂದ ಅವಳ ಕಣ್ಣಿಗೆ ಬೆಳಕು ಬಿಡುವರು. ಒಂದು ದಿನ ಬ್ಯಾಗಿನ ಅಡಿಯಲ್ಲಿ ಬಿಳಿ ಪುಡಿಯ ಪೊಟ್ಟಣ ಸಿಕ್ಕೇಬಿಟ್ಟಿತು. ಸಿನಿಮಾದ ಪೊಲೀಸರು ಬೆರಳಿಗೆ ಹತ್ತಿಸಿ ನೆಕ್ಕುವುದನ್ನು ನೋಡಿದ್ದರಲ್ಲ, ಇವರೂ ಧಾರಾಳವಾಗಿಯೇ ನೆಕ್ಕಿದರು. ಅದು ಕರಕುಶಲ ತರಗತಿಯಲ್ಲಿ ಬೊಂಬೆ ಎರೆಯುವ ಪ್ಲಾಸ್ಟರ್ ಪುಡಿ. ಆವತ್ತಿನ ಮಟ್ಟಿಗೆ ಸಾಹೇಬರ ನಾಲಿಗೆ ಗಾರೆ ಮೆತ್ತಿದ ಗೋಡೆಯಂತಿತ್ತು. ಮನೆಯಲ್ಲಿ ಅಪರೂಪದ ಶಾಂತಿ ನೆಲೆಸಿತ್ತು.

ಇಷ್ಟೆಲ್ಲ ಹುಡುಕಿದವರು ಒಂದು ಜಾಗ ಮಾತ್ರ ನೋಡಲಿಲ್ಲ, ತಮ್ಮದೇ ಮಂಚದ ಪಕ್ಕದ ಡ್ರಾಯರ್. ಹಿಂದಿನ ವರ್ಷ ಸೊಂಟ ಉಳುಕಿ ಮಲಗಿದ್ದಾಗ ಡಾಕ್ಟರು ಬರೆದುಕೊಟ್ಟ ಭಾರೀ ಶಕ್ತಿಯ ನೋವಿನ ಮಾತ್ರೆಗಳು ಅಲ್ಲಿ ಹಾಗೆಯೇ ಬಿದ್ದಿದ್ದವು. ಸೊಂಟ ಸರಿಹೋಗಿತ್ತು, ಮಾತ್ರೆ ಉಳಿದಿತ್ತು. ಡ್ರಾಯರಿಗೆ ಬೀಗವಿರಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎನ್ನುತ್ತಾರಲ್ಲ, ಹಾಗೆ.

ಪರೀಕ್ಷೆ ಹತ್ತಿರ ಬಂತು. ಒಂದು ಶನಿವಾರ ಮಧ್ಯಾಹ್ನ ಗುಂಗುರು ಓದಲು ಇವರ ಮನೆಗೆ ಬಂದಳು. ಸಾಹೇಬರು ಯಾವುದೋ ಆಫೀಸು ಕಟ್ಟಡದ ಲಿಫ್ಟು ನೋಡಲು ಹೋಗಿದ್ದರು, ಹೆಂಡತಿ ಅಂಗಡಿಯಲ್ಲಿದ್ದಳು. ಗುಂಗುರುವಿಗೆ ಹಲವು ದಿನಗಳಿಂದ ನಿದ್ದೆ ಬಂದಿರಲಿಲ್ಲ. ಪುಸ್ತಕ ತೆರೆದರೆ ಎದೆ ಡವಗುಟ್ಟುತ್ತಿತ್ತು. ಒಮ್ಮೆ ತಲೆನೋವೆಂದಾಗ ಗೆಳತಿ ಅದೇ ಡ್ರಾಯರಿನಿಂದ ಮಾತ್ರೆ ತೆಗೆದುಕೊಟ್ಟಿದ್ದಳು, ಪಕ್ಕದಲ್ಲಿದ್ದ ಇನ್ನೊಂದು ಪಟ್ಟಿ ಆಗಲೇ ಕಣ್ಣಿಗೆ ಬಿದ್ದಿತ್ತು. ಅಂಥ ಮಾತ್ರೆ ನುಂಗಿದರೆ ತಲೆಯೊಳಗಿನ ಗದ್ದಲ ನಿಲ್ಲುತ್ತದೆ ಎಂದು ತರಗತಿಯಲ್ಲಿ ಯಾರೋ ಹೇಳಿದ್ದರು. ಗೆಳತಿ ಅಡುಗೆಮನೆಯಲ್ಲಿ ಕಾಫಿ ಮಾಡುತ್ತಿದ್ದಾಗ ಗುಂಗುರು ಹೋಗಿ ಕೆಲವನ್ನು ನುಂಗಿದಳು. ಮೇಲೆ ಕುಡಿದದ್ದು ನೀರಲ್ಲ. ತನ್ನಪ್ಪನ ಗಾಜಿನ ಕಪಾಟಿನಿಂದ ನೀರಿನ ಬಾಟಲಿಗೆ ಬಗ್ಗಿಸಿಕೊಂಡು ತಂದಿದ್ದ ವಿಸ್ಕಿ.

ಅಂದರೆ ಮಾತ್ರೆ ಅಧ್ಯಕ್ಷರ ಮನೆಯದು, ಮದ್ಯ ಖಜಾಂಚಿಯ ಮನೆಯದು. ಸಮಿತಿಯ ಕೋರಂ ಭರ್ತಿಯಾಗಿತ್ತು. ಟೋಪಿ ಎಳೆದುಕೊಂಡ ಆ ಕೇಡಿ ಪಾಪ, ಯಾವ ಸಂದಿಯಲ್ಲಿ ಕೆಲಸವಿಲ್ಲದೆ ನಿಂತಿದ್ದನೋ.

ಸ್ವಲ್ಪ ಹೊತ್ತಿಗೆ ಗುಂಗುರು ಪುಸ್ತಕದ ಮೇಲೆ ಒರಗಿದಳು. ನಿದ್ದೆ ಬಂತು, ಒಳ್ಳೆಯದೇ ಆಯಿತು ಎಂದುಕೊಂಡಳು ಸಾಹೇಬರ ಮಗಳು. ಆಮೇಲೆ ಗೊರಕೆಯಂಥ ಒಂದು ವಿಚಿತ್ರ ಸದ್ದು ಕೇಳಿ ತಿರುಗಿ ನೋಡಿದರೆ ಗೆಳತಿಯ ತುಟಿ ನೀಲಿಗಟ್ಟಿತ್ತು. ಹೆಸರು ಹಿಡಿದು ಕೂಗಿದಳು, ಭುಜ ಹಿಡಿದು ಅಲ್ಲಾಡಿಸಿದಳು. ಏಳಲಿಲ್ಲ. ಉಸಿರು ಒಂದು ಬಂದರೆ ಇನ್ನೊಂದು ಬರುತ್ತದೋ ಇಲ್ಲವೋ ಎನ್ನುವಂತಿತ್ತು. ಮೊದಲು ಆಂಬುಲೆನ್ಸಿಗೆ ಫೋನ್ ಮಾಡಿದಳು. ಅವರು ಹೇಳಿದಂತೆ, ಅಮ್ಮ ಹೇಳಿಕೊಟ್ಟಿದ್ದಂತೆ, ಅವಳನ್ನು ಪಕ್ಕಕ್ಕೆ ಹೊರಳಿಸಿ ಮಲಗಿಸಿದಳು. ವಾಂತಿ ಮಾಡಿಸಲು ಹೋಗಲಿಲ್ಲ, ಒಂದು ಕ್ಷಣವೂ ಬಿಟ್ಟು ಕದಲಲಿಲ್ಲ, ಉಸಿರು ನಿಂತರೆ ಹೇಳಿ ಎಂದಿದ್ದವರ ಫೋನನ್ನೂ ಕಿವಿಯಿಂದ ತೆಗೆಯಲಿಲ್ಲ. ಆಂಬುಲೆನ್ಸಿನವರು ಬಂದಾಗ, ಗುಂಗುರುವಿನ ಬ್ಯಾಗಿನ ಪಕ್ಕ ಸಿಕ್ಕ ಖಾಲಿಯಾದ ಪಟ್ಟಿಯನ್ನೂ ಅದರ ಡಬ್ಬಿಯನ್ನೂ ಬಾಟಲಿಯನ್ನೂ ಅವರ ಕೈಗಿಟ್ಟಳು. ಆಮೇಲೆ ಅಮ್ಮನಿಗೆ ಫೋನ್ ಮಾಡಿದಳು. ಅಪ್ಪನಿಗೆ ಮಾಡಲೇ ಇಲ್ಲ.

ಅಧ್ಯಕ್ಷರಿಗೆ ಸುದ್ದಿ ಹೆಂಡತಿಯಿಂದ ಮುಟ್ಟಿತು. ಓಡೋಡಿ ಆಸ್ಪತ್ರೆಗೆ ಬಂದರು. ಎದೆಯ ಮೇಲೆ ಬ್ಯಾಡ್ಜ್ ಹಾಗೆಯೇ ಇತ್ತು. ಸೋಫಾದವರೂ ಬೆವರು ಸುರಿಸುತ್ತಾ ಬಂದರು. ಬಂದವರಿಗೆ ಮೊದಲ ಹೆದರಿಕೆ ಮಗಳದು, ಎರಡನೆಯದು ಸಮಿತಿಯದು. ಅವು ಒಂದರ ಹಿಂದೊಂದು ಎಷ್ಟು ಬೇಗ ಬಂದವೆಂದರೆ ಯಾವುದು ಮುಂದಿತ್ತೆಂದು ಅವರಿಗೂ ತಿಳಿಯಲಿಲ್ಲ. ಅಧ್ಯಕ್ಷರನ್ನು ಕಂಬದ ಮರೆಗೆ ಎಳೆದರು.

"ನೋಡಿ, ಏನೋ ತಿಂದದ್ದು ಕೆಟ್ಟಿತ್ತು ಅಂದ್ಬಿಡೋಣ. ನಿಮಗೂ ಕ್ಷೇಮ, ನಮಗೂ ಕ್ಷೇಮ. ಇಲ್ಲಾಂದ್ರೆ ನಾಳೆ ಜನ ಉಗೀತಾರೆ."

ಸಾಹೇಬರಿಗೆ ಆ ಮಾತು ಬಲು ಹಿಡಿಸಿತು. ಒಂದು ಸುಳ್ಳು ಹೇಳಿದರೆ ಸಾಕು, ಅಧ್ಯಕ್ಷಗಿರಿಯೂ ಉಳಿಯುತ್ತದೆ. ಹೂಂ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಒಳಗಿನಿಂದ ವೈದ್ಯೆ ಹೊರಗೆ ಬಂದಳು. ಕೈಯಲ್ಲಿ ಮಾತ್ರೆಯ ಡಬ್ಬಿ ಇತ್ತು. ಅದರ ಮೇಲೆ ಔಷಧಿ ಅಂಗಡಿಯವರು ಅಂಟಿಸಿದ ಚೀಟಿ ಇತ್ತು.

"ಇದರ ಮೇಲಿರೋ ಹೆಸರು ಯಾರದು?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವಂತೆ ಸಾಹೇಬರ ಕೈ ಎದೆಯ ಬ್ಯಾಡ್ಜಿನ ಮೇಲೆ ಹೋಯಿತು. ಎದುರಿನ ಬೆಂಚಿನಲ್ಲಿ ಕೂತಿದ್ದ ಮಗಳು ಅವರನ್ನೇ ನೋಡುತ್ತಿದ್ದಳು. ಕೋಪದಿಂದಲ್ಲ. ಇವರು ಏನು ಹೇಳುತ್ತಾರೆಂದು ಮೊದಲೇ ಗೊತ್ತಿರುವವಳ ಹಾಗೆ. ಅದನ್ನೇ ಅವರಿಗೆ ತಡೆಯಲಾಗಲಿಲ್ಲ.

"ನನ್ನದು," ಎಂದರು. "ಮಾತ್ರೆ ನಂದು. ಡ್ರಾಯರಿಗೆ ಬೀಗ ಹಾಕಿರ್ಲಿಲ್ಲ."

"ಜೊತೆಗೆ ವಿಸ್ಕಿ ಕುಡಿದಿದ್ದಾಳೆ. ಎರಡೂ ಸೇರಿದ್ರೆ ಉಸಿರಾಟವೇ ನಿಂತುಹೋಗ್ಬಹುದು. ಏನ್ ತಗೊಂಡಿದ್ದಾಳೆ ಅಂತ ಈ ಹುಡುಗಿ ಮುಚ್ಚುಮರೆ ಇಲ್ಲದೆ ಹೇಳಿದ್ದಕ್ಕೆ ಬೇಗ ಔಷಧಿ ಕೊಡೋಕಾಯ್ತು. ಈಗ ಉಸಿರಾಟ ಸರಿಯಾಗ್ತಿದೆ," ಎಂದು ವೈದ್ಯೆ ಸೋಫಾದವರ ಕಡೆ ತಿರುಗಿದಳು. "ವಿಸ್ಕಿ ಎಲ್ಲಿಂದ ಬಂತು?"

ಖಜಾಂಚಿ ಕಂಬವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದುಕೊಂಡರು.

ಸಾಹೇಬರು ಹೋಗಿ ಮಗಳ ಪಕ್ಕ ಕೂತರು. "ನನಗ್ಯಾಕೆ ಫೋನ್ ಮಾಡ್ಲಿಲ್ಲ?"

"ನೀನು ಮೊದಲು ಬೈತಿದ್ದೆ. ಅವಳ ಹತ್ರ ಅಷ್ಟು ಟೈಮ್ ಇರ್ಲಿಲ್ಲ ಅಪ್ಪ."

ಅವಳು ಅವರ ಕಡೆ ತಿರುಗಿದಳು.

"ಲಿಫ್ಟಲ್ಲಿ ಸಿಕ್ಕಿಬಿದ್ದೋರು ಗಂಟೆ ಒತ್ತಿದ್ರೆ ನೀನು ಏನ್ ಮಾಡ್ತೀಯ? ಮೆಟ್ಟಿಲು ಹತ್ಬೇಕಿತ್ತು ಅಂತ ಭಾಷಣ ಮಾಡ್ತೀಯಾ?"

ಅಷ್ಟೊತ್ತೂ ಕಲ್ಲಿನ ಹಾಗೆ ಕೂತಿದ್ದವಳು ಆಗ ಅಳಲು ಶುರು ಮಾಡಿದಳು. "ಸತ್ತೇಹೋದ್ಲು ಅಂದ್ಕೊಂಡೆ ಅಪ್ಪ," ಎಂದು ಬಿಕ್ಕಿದಳು. ಸಭಾಂಗಣ ನಡುಗಿಸುವ ಅಧ್ಯಕ್ಷರು ಮಗಳ ತಲೆಯನ್ನು ಎದೆಗೆ ಒತ್ತಿಕೊಳ್ಳಲು ಹೋದರೆ ಬ್ಯಾಡ್ಜಿನ ಪಿನ್ನು ಅವಳ ಕೆನ್ನೆಗೆ ಚುಚ್ಚಿತು. ಅದನ್ನು ಕಿತ್ತು ಜೇಬಿಗೆ ಹಾಕಿಕೊಂಡರು.

ಮರುದಿನ ಉಳಿದ ಮಾತ್ರೆಗಳನ್ನೆಲ್ಲ ಗುಡಿಸಿ ಔಷಧಿ ಅಂಗಡಿಗೆ ಹಿಂದಿರುಗಿಸಿ ಬಂದರು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ ಎಂದಳು ಹೆಂಡತಿ. ಹೌದು, ಆದರೂ ಹಾಕಬೇಕಲ್ಲ ಎಂದರು ಇವರು. ಮುಂದಿನ ಪೋಷಕರ ಸಭೆಯಲ್ಲಿ ನಡೆದದ್ದನ್ನೆಲ್ಲ, ಗುಂಗುರುವಿನ ಹೆಸರೊಂದನ್ನು ಬಿಟ್ಟು, ಉಪ್ಪುಖಾರ ಹಚ್ಚದೆ ಹೇಳಿದರು. "ಮನೆಗೆ ಹೋಗಿ ಮೊದಲು ನಿಮ್ಮ ನಿಮ್ಮ ಡ್ರಾಯರ್ ನೋಡಿ. ಏನೇ ಆದ್ರೂ ಫೋನ್ ಮಾಡು, ಮೊದಲು ಬರ್ತೀನಿ, ಮಾತು ಆಮೇಲೆ ಅಂತ ಮಕ್ಕಳಿಗೆ ಹೇಳಿ," ಎಂದರು. ಈ ಸಲ ಚಪ್ಪಾಳೆ ಬೀಳಲಿಲ್ಲ. ಇಂಥದ್ದನ್ನೆಲ್ಲ ಬಾಯಿಬಿಟ್ಟು ಹೇಳಿದರೆ ಮಕ್ಕಳಿಗೆ ದಾರಿ ತೋರಿಸಿದಂತಾಗುತ್ತದೆ ಎಂದು ಸಭೆ ಕಳವಳಪಟ್ಟಿತು. ಅವರ ಅನಾರೋಗ್ಯದ ಕಾರಣ ಅವರನ್ನು ಹುದ್ದೆಯಿಂದ ಬಿಡುಗಡೆ ಮಾಡಿತು. ಅನಾರೋಗ್ಯ ಯಾವುದೆಂದು ಅವರು ಕೇಳಿದರು, ಯಾರೂ ಹೇಳಲಿಲ್ಲ. ಹೊಸ ಅಧ್ಯಕ್ಷರಾಗಿ ಅನುಭವಸ್ಥರಾದ ಖಜಾಂಚಿಯವರೇ ಆಯ್ಕೆಯಾದರು. ಪರದೆಯ ಮೇಲಿನ ತಲೆಬುರುಡೆಯನ್ನು ಇನ್ನಷ್ಟು ದೊಡ್ಡದು ಮಾಡುವುದಾಗಿ ಘೋಷಿಸಿದರು.

ಮನೆಯಲ್ಲಿ ಮಾತು ನಿಧಾನಕ್ಕೆ ಶುರುವಾಯಿತು. ಮಗಳು ಕೇಳುವ ಅರ್ಧಕ್ಕರ್ಧ ಪ್ರಶ್ನೆಗೆ ಸಾಹೇಬರು "ಗೊತ್ತಿಲ್ಲ" ಎನ್ನಬೇಕಾಗುತ್ತಿತ್ತು. ಜೀವಮಾನದಲ್ಲಿ ಬಳಸದ ಪದ, ಮೊದಮೊದಲು ಗಂಟಲಲ್ಲಿ ಮುಳ್ಳಿನಂತೆ ಸಿಕ್ಕಿಕೊಳ್ಳುತ್ತಿತ್ತು. ಗುಂಗುರು ಆಸ್ಪತ್ರೆಯ ಆಪ್ತ ಸಲಹೆಗಾರರ ಹತ್ತಿರ ಹೋಗುತ್ತಿದ್ದಳು. ಬರುವಾಗ ಇವರ ಮನೆಯಲ್ಲಿ ಇಳಿಯುತ್ತಿದ್ದಳು. "ಅಂಕಲ್, ನನ್ನ ಮೇಲೆ ಕೋಪ ಇಲ್ವಾ?" ಎಂದು ಕೇಳಿದಳು ಒಮ್ಮೆ. "ಇದೆ. ಹೆದರಿಕೆ ಅದಕ್ಕಿಂತ ಜಾಸ್ತಿ ಇದೆ. ನಿದ್ದೆ ಬರ್ತಿದ್ಯಾ ಈಗ?" ಎಂದರು.

ಒಂದು ಸಂಜೆ ಹೊಸ ಅಧ್ಯಕ್ಷರು ಮಗಳನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲೇ ನಿಂತರು. ಒಳಕೋಣೆಯಲ್ಲಿ ಹುಡುಗಿಯರು ನಗುತ್ತಿದ್ದರು. ಅವರು ಕಿವಿಗೊಟ್ಟು ಕೇಳಿದರು.

"ನಮ್ಮನೇಲಿ ಅವಳು ಬಾಯೇ ಬಿಡಲ್ಲ," ಎಂದರು ಮೆಲ್ಲಗೆ. "ನೀವು ಹೇಗೆ ಶುರು ಮಾಡಿದ್ರಿ?"

"ಬಾಯಿ ಮುಚ್ಕೊಂಡು ಶುರು ಮಾಡಿದೆ," ಎಂದರು ಸಾಹೇಬರು.

ಬಾಯಿ ಮುಚ್ಚಿಕೊಳ್ಳುವುದರ ಮಹತ್ವ ಹೊಸ ಅಧ್ಯಕ್ಷರಿಗೆ ತಕ್ಷಣ ಮನದಟ್ಟಾಯಿತು. ಸೋಫಾದ ಮೇಲೆ ಕೂತು ಆ ವಿಷಯವಾಗಿ ಕಾಫಿ ಆರುವವರೆಗೆ ಮಾತಾಡಿದರು. ಇನ್ನು ಮೇಲೆ ತಾವು ಹೇಗೆ ಮೌನವಾಗಿ ಕೇಳಲಿದ್ದೇವೆ, ಅದನ್ನು ಸಮಿತಿಯ ಕಾರ್ಯಕ್ರಮದಲ್ಲಿ ಹೇಗೆ ಅಳವಡಿಸಲಿದ್ದೇವೆ ಎಂದು ವಿವರಿಸುತ್ತಿರುವಾಗ ಗುಂಗುರು ಹೊರಗೆ ಬಂದು ಅವರ ಪಕ್ಕ ಕೂತಳು.

"ಅಪ್ಪ, ನಾನು ಸ್ವಲ್ಪ ಹೇಳ್ಲಾ?"

ಅವರಿಗೆ ಇನ್ನೂ ಏನೋ ಹೇಳಲಿಕ್ಕಿತ್ತು. ಮಗಳ ಮುಖ ನೋಡಿದರು. ನುಂಗಿಕೊಂಡರು.

"ಹೇಳಮ್ಮ," ಎಂದರು.