ಬೆನ್ನ ಹಿಂದಿನ ಬಲೆ

ಟಕ್, ಮತ್ತೆ ಕುರ್ಚಿಯ ಕಾಲಿಗೇ ಹೋಗಿ ಕಚ್ಚಿಕೊಂಡಿತು ಈ ದರಿದ್ರ ಅಯಸ್ಕಾಂತ, ಕೈಬಲೆಯ ಹಿಡಿಗೊಂದು ತುಂಡು, ಜೇಬಿನಂಗಿಯ ಬೆನ್ನಿಗೊಂದು ತುಂಡು, ಎರಡೂ ಕತ್ತಲಲ್ಲೂ ಒಂದನ್ನೊಂದು ಅರಸಿ ಕೂಡಿಕೊಳ್ಳುತ್ತವೆ ಎಂದಿದ್ದ ಅಂಗಡಿಯವನು, ಕೂಡಿಕೊಳ್ಳುವುದೇನೋ ನಿಜ, ತನ್ನ ಜೋಡಿಯೊಂದನ್ನು ಬಿಟ್ಟು ಲೋಕದ ಕಬ್ಬಿಣವನ್ನೆಲ್ಲ, ಕುರ್ಚಿ, ಫ್ರಿಜ್ಜು, ನನ್ನ ಚಿಮುಟ, ಈಗಷ್ಟೇ ಬಣ್ಣ ನೋಡಿ ಸಾಲಾಗಿ ಜೋಡಿಸಿದ್ದ ಮೀನನ್ನು ಮರುಳು ಮಾಡಲು ಪುಕ್ಕದಿಂದ ಕಟ್ಟಿದ ನೊಣಗಳು, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಗಾಳವಿದೆಯಲ್ಲ, ಡಬ್ಬಿಯ ಬಾಯಿ ತೆರೆದದ್ದೇ ತಡ ಹಾರಿಬಂದು ಬಲೆಯ ಹಿಡಿಗೆ ಗಡ್ಡದಂತೆ ಅಂಟಿಕೊಂಡವು, ಈಗ ಅವನ್ನು ಒಂದೊಂದಾಗಿ ಬಿಡಿಸಬೇಕು, ಬೆರಳಿಗೆ ಚುಚ್ಚಿಸಿಕೊಳ್ಳಬೇಕು, ಬೈದುಕೊಳ್ಳಬೇಕು — ರೀ, ಈ ಮೇಜಿನ ಮೇಲೆ ಇನ್ಮುಂದೆ ಮನುಷ್ಯರು ಊಟ ಮಾಡಬಹುದೋ ಇಲ್ಲ ಮೀನುಗಳಿಗೇ ಬರೆದುಕೊಟ್ರೋ, ಅಡುಗೆಮನೆಯಿಂದ ನನ್ನ ಹೆಂಡತಿ, ಅವಳಿಗೇನು, ಷರತ್ತು ಹಾಕಿ ಒಳಗೆ ಹೋದಳು, ಒದ್ದಾಡುವುದು ನಾನು. ಷರತ್ತು ಬೇರೆ ಎಂಥದ್ದು, ನ್ಯಾಯಾಧೀಶರ ಹಾಗೆ ಸೊಂಟಕ್ಕೆ ಕೈಯಿಟ್ಟು ಓದಿ ಹೇಳಿದಳು, ನನ್ನ ತಮ್ಮ ನೀರಿಗಿಳೀಬೇಕು ಅಂದ್ರೆ ಮೊದ್ಲು ಈ ಹಾಲ್‌ನಲ್ಲಿ, ನನ್ನ ಕಣ್ಣೆದುರಿಗೆ, ಬೇಕಾದ್ದನ್ನೆಲ್ಲ ಮೈಮೇಲಿನ ಅಂಗಿಯಿಂದ ಅವನೊಬ್ಬನೇ ತೆಗೆದು ತೋರಿಸ್ಬೇಕು, ನೀವು ತುಟಿ ಪಿಟಕ್ ಅನ್ನಬಾರದು, ತೋರಿಸಿದ್ನೋ ಹೋಗ್ಲಿ, ಇಲ್ಲಾಂದ್ರೆ ಗಾಳದ ಕೋಲು ಅಟ್ಟಕ್ಕೆ, ಅವನದೂ ನಿಮ್ಮದೂ. ನನ್ನದು ಯಾಕೆ ಎಂದು ಕೇಳುವಷ್ಟರಲ್ಲಿ ಕುಕ್ಕರ್ ಕೂಗಿತು, ಯಾವತ್ತೂ ಅವಳ ಕಡೆಯೇ ಅದು.

ಅವಳ ತಮ್ಮನ ಕಣ್ಣಿನ ನಡುಭಾಗ ಸವೆದುಹೋಗಿದೆ ಎಂದರು ವೈದ್ಯರು, ಅಂಚು ಉಳಿದಿದೆ, ಮುಂದಿನ ವರ್ಷಕ್ಕೆ ಅದೆಷ್ಟು ಉಳಿಯುತ್ತದೋ ಹೇಳಲಾರೆ, ಹೇಳಲಾರೆ ಎನ್ನುವಾಗ ಅವರು ಮೇಜಿನ ಮೇಲಿನ ಪೆನ್ನನ್ನು ಸುಮ್ಮನೆ ನೇರ ಮಾಡಿದರು, ನನಗೆ ಅಷ್ಟು ಸಾಕಾಗಿತ್ತು. ಆದರೆ ನನ್ನ ಭಾವಮೈದ, ಜೀವಮಾನವಿಡೀ ಬಸ್ಸು ಓಡಿಸಿದವನು, ಮುಂದಿನ ರಸ್ತೆಯನ್ನೂ ಕನ್ನಡಿಯೊಳಗಿನ ಹಿಂದಿನ ರಸ್ತೆಯನ್ನೂ ಒಟ್ಟಿಗೇ ನೋಡುತ್ತಿದ್ದವನು, ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಕೋಳಿಯ ಹಾಗೆ ಕತ್ತು ಓರೆ ಮಾಡಿ ನನ್ನನ್ನು ನೋಡಿ, ಭಾವಾ, ನಿಮ್ಮ ಕಿವಿ ಎರಡೂ ಚೆನ್ನಾಗಿ ಕಾಣ್ತವೆ, ಮುಖ ಮಾತ್ರ ನಾಪತ್ತೆ, ನಷ್ಟವೇನಿಲ್ಲ ಬಿಡಿ, ಅಂದ. ನಕ್ಕೆವು, ಇಬ್ಬರೂ, ಮೆಟ್ಟಿಲಿಳಿದು ನಗು ಮುಗಿದಾಗ ಅವನು ಕೇಳಿದ್ದು ಒಂದೇ, ಇನ್ನೊಂದು ಸಲ ನದಿಗೆ ಹೋಗೋಣ ಭಾವಾ, ಮೀನು ಸಿಗದಿದ್ರೂ ಪರವಾಗಿಲ್ಲ, ನೀರು ಮೊಣಕಾಲಿಗೆ ತಾಗ್ಬೇಕು. ಆಯಿತು ಎಂದೆ, ಆಯಿತು ಎನ್ನುವುದು ಎಷ್ಟು ಚಿಕ್ಕ ಮಾತು, ಅದರ ಬಾಲಕ್ಕೆ ಈ ಮೇಜು ಪೂರ್ತಿ ಕಟ್ಟಿಕೊಂಡಿದೆ ಎಂದು ಯಾರಿಗೆ ಗೊತ್ತಿತ್ತು.

ಚೀಲಗಳನ್ನೆಲ್ಲ ತಂದು ನನ್ನ ಮುಂದೆ ಸುರಿದು ಹೋಗಿದ್ದಾನೆ ಮಹರಾಯ, ಕಂಡದ್ದನ್ನೆಲ್ಲ ಕೊಳ್ಳುವ ಚಟ, ಒಂದು ಹೆಗಲಿಗೆ ಓರೆಯಾಗಿ ಹಾಕುವ ಚೀಲ, ಒಂದು ಸೊಂಟಕ್ಕೆ ಬಿಗಿಯುವುದು, ಇನ್ನೊಂದು ಎದೆಯ ಮೇಲೆ ಕೂಸಿನ ಹಾಗೆ ಕೂರುವುದು, ಆಮೇಲೆ ಈ ಜೇಬಿನಂಗಿ, ತೋಳಿಲ್ಲ, ಜೇಬಿನ ಮೇಲೆ ಜೇಬು, ಜೇಬಿನೊಳಗೆ ಜೇಬು, ಎಷ್ಟಿವೆ ಎಂದು ಹೊಲಿದವನಿಗೂ ನೆನಪಿರಲಾರದು. ಹೆಗಲ ಚೀಲ ಆಗದು, ಅದನ್ನು ಬೆನ್ನಿಂದ ಎದೆಗೆ ಎಳೆದುಕೊಂಡಾಗ ಒಳಗಿನದೆಲ್ಲ ತಿರುಗಿ ಮೇಲಿನದು ಕೆಳಗೆ, ಕಣ್ಣಿದ್ದವರಿಗೇ ಗೋಜಲು, ಸೊಂಟದ್ದು ನೀರು ಸ್ವಲ್ಪ ಏರಿದರೆ ಸ್ನಾನ ಮಾಡುತ್ತದೆ, ಎದೆಯದ್ದು ಅವನ ಕಾಲನ್ನು ಅವನಿಂದಲೇ ಮರೆಮಾಡುತ್ತದೆ, ಉಳಿದಿರುವುದೇ ಕಣ್ಣಂಚಿನಲ್ಲಿ ಕಾಣುವ ಆ ಪಾದ, ಅದನ್ನೂ ಕಳೆಯುವುದೇ. ಹಾಗಾದರೆ ಜೇಬಿನಂಗಿಯೇ, ಅದು ಮೈಗೆ ಅಂಟಿದ ಮನೆ, ಗೋಡೆ ಅಲುಗುವುದಿಲ್ಲ. ನಾನು ಔಷಧದ ಅಂಗಡಿ ನಡೆಸಿದವನಲ್ಲವೇ, ಕರೆಂಟು ಹೋದ ಸಂಜೆಗಳಲ್ಲಿ ಗಿರಾಕಿಯೊಂದಿಗೆ ಮಾತಾಡುತ್ತಲೇ ಕೈ ತಾನಾಗಿ ಸರಿಯಾದ ಡ್ರಾಯರಿಗೆ ಹೋಗುತ್ತಿತ್ತು, ಜ್ವರದ್ದು ಮೇಲೆ, ಹೊಟ್ಟೆಯದ್ದು ಕೆಳಗೆ, ಕೈಗೂ ಒಂದು ನೆನಪಿದೆ, ಅದು ತಲೆಯನ್ನು ಕೇಳುವುದಿಲ್ಲ. ಆದ್ದರಿಂದ ಬೇಡದ ಜೇಬುಗಳ ಬಾಯಿಯನ್ನು ಹೊಲಿದುಬಿಟ್ಟೆ, ದಪ್ಪ ದಾರದಲ್ಲಿ, ಬೇಕಾದವನ್ನು ಮಾತ್ರ ಬಿಟ್ಟೆ, ನೊಣದ ಡಬ್ಬಿ ಎದೆಯ ಎಡಕ್ಕೆ, ಅಲ್ಲಿಗೆ ಬಲಗೈ ಅಡ್ಡ ಬಂದರೆ ಸರಿಯಾಗಿ ತಲುಪುತ್ತದೆ, ದಾರ ಕತ್ತರಿಸುವ ಸಣ್ಣ ಕತ್ತರಿ ಅದರ ಕೆಳಗೆ ಎಳೆದರೆ ಬರುವ, ಬಿಟ್ಟರೆ ಹಿಂತಿರುಗುವ ಹುರಿಗೆ, ಗಾಳ ಬಿಡಿಸುವ ಚಿಮುಟ ಪಕ್ಕದಲ್ಲಿ, ಬಲೆ ಬೆನ್ನಿಗೆ, ಬಲಕ್ಕೆ. ನೂಲಿನ ಬಲೆ ಬೇಡವೆಂದು ರಬ್ಬರಿನದನ್ನೇ ಆರಿಸಿದೆ, ನೂಲಿನಲ್ಲಿ ಗಾಳ ಸಿಕ್ಕಿಕೊಂಡರೆ ಬಿಡಿಸುವುದರಲ್ಲಿ ಸೂರ್ಯ ಮುಳುಗುತ್ತಾನೆ, ಇಷ್ಟೆಲ್ಲ ಮಾಡಿ ಅಂಗಿಯನ್ನು ನಾನೇ ತೊಟ್ಟು ಕಣ್ಣು ಮುಚ್ಚಿ ಅಭ್ಯಾಸ ಮಾಡಿದೆ, ಡಬ್ಬಿ, ಕತ್ತರಿ, ಚಿಮುಟ, ಆಮೇಲೆ ಕೈ ಬೆನ್ನ ಹಿಂದೆ, ಬೆರಳು ಬಿಚ್ಚಿ, ಇದೋ ಹಿಡಿ, ಟಕ್, ಮತ್ತೊಮ್ಮೆ, ಟಕ್ — ಬೆನ್ನು ಕೆರೀತಿದ್ರೆ ಹೇಳಿ, ಬಾಚಣಿಗೆ ಕೊಡ್ತೀನಿ, ಎಂದಳು ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ ಹೆಂಡತಿ. ಕಣ್ಣು ಬಿಡದೆಯೇ ಹೇಳಿದೆ, ನೋಡು, ಬೆನ್ನ ಹಿಂದೆ ಎಲ್ಲರೂ ಕುರುಡರೇ, ಅಲ್ಲಿ ಅವನಿಗೂ ನನಗೂ ಭೇದವಿಲ್ಲ. ಅವಳು ನಗಲಿಲ್ಲ. ಕೈ ಒರೆಸಿಕೊಳ್ಳುತ್ತ ಕುರ್ಚಿಯ ತುದಿಯಲ್ಲಿ ಕೂತಳು, ಅವನು ಚಿಕ್ಕವನಿದ್ದಾಗ ರಸ್ತೆ ದಾಟೋವಾಗ ನಾನು ತಿರುಗಿ ನೋಡ್ತಾನೇ ಇರ್ಲಿಲ್ಲ ಕಣ್ರೀ, ಹಿಂದಕ್ಕೆ ಕೈ ಚಾಚಿದ್ರೆ ಸಾಕು, ಪುಟ್ಟ ಕೈ ಬಂದು ಸೇರ್ಕೊಳ್ತಿತ್ತು, ಈಗ ನದಿ ಮಧ್ಯದಲ್ಲಿ ಅವನಿಗೆ ಯಾರು ಚಾಚ್ತಾರೆ, ನೀವಾ, ಮೀನು ಕಂಡ್ರೆ ನಿಮಗೆ ಹೆಂಡತೀನೇ ಕಾಣಲ್ಲ. ನಾನು ನೊಣಗಳನ್ನು ಮತ್ತೆ ಸಾಲಾಗಿ ಜೋಡಿಸಿದೆ.

ಮತ್ತೆ ಈ ಬಟ್ಟೆಯ ಗೋಳು. ಮೀನಿಗೆ ಕಾಣದ ಹಾಗೆ ಬದುಕುವುದನ್ನು ನಾನು ಕಲಿಯಲು ಅರ್ಧ ಆಯುಷ್ಯ ಹಿಡಿಯಿತು, ಪಾಚಿಯ ಬಣ್ಣದ ಅಂಗಿ, ಒಣಮಣ್ಣಿನ ಟೋಪಿ, ಎದೆಯವರೆಗಿನ ರಬ್ಬರ್ ಷರಾಯಿಯೂ ತೊಗಟೆಯ ಬಣ್ಣದ್ದೇ, ನೀರಿನಲ್ಲಿ ನಿಂತು ನಿಂತು ಕೊನೆಗೊಮ್ಮೆ ನಾನಿಲ್ಲ ಅನಿಸುವ ಕ್ಷಣವಿದೆಯಲ್ಲ, ದಡದ ಗಿಡಗಳ ಸಾಲಿನಲ್ಲಿ ಒಂದು ಹೆಚ್ಚಿನ ನೆರಳು, ಆಗ ಮೀನು ಮೇಲೆ ಬರುತ್ತದೆ, ಆ ಕ್ಷಣಕ್ಕಾಗಿಯೇ ಅಲ್ಲವೇ ಇದೆಲ್ಲ. ಇವನು ನೋಡಿದರೆ ಚೀಲಗಳ ಜೊತೆ ಒಂದು ಪೊಟ್ಟಣ ಇಟ್ಟುಹೋಗಿದ್ದಾನೆ, ಬಿಚ್ಚಿದರೆ ಕಿತ್ತಳೆ ಬಣ್ಣದ ಅಂಗಿ, ಕಿತ್ತಳೆಯೂ ನಾಚಬೇಕು, ರಸ್ತೆ ಅಗೆಯುವವರು ತೊಡುವಂಥದ್ದು. ಫೋನ್ ಮಾಡಿ ಕೂಗಾಡಿದೆ, ಏನೋ ಇದು, ನಾನೇನು ಸರ್ಕಸ್ಸಿನವನಾ. ಅಲ್ಲ ಭಾವಾ, ನೀವು ಆ ಪಾಚಿ ಅಂಗಿ ಹಾಕ್ಕೊಂಡ್ರೆ ನನಗೆ ಗಿಡ ಯಾವ್ದು ನೀವು ಯಾವ್ದು ಗೊತ್ತಾಗಲ್ಲ, ಮೊನ್ನೆ ಪಾರ್ಕಿನಲ್ಲಿ ಒಂದು ಗಿಡದ ಜೊತೆ ತುಂಬಾ ಹೊತ್ತು ಮಾತಾಡಿದೆ, ನಿಜ ಹೇಳ್ಬೇಕು ಅಂದ್ರೆ ನಿಮಗಿಂತ ಚೆನ್ನಾಗಿ ಕೇಳಿಸ್ಕೊಂಡಿತು. ಕಿತ್ತಳೆ ತೊಟ್ಟರೆ ಆ ನದಿಯಲ್ಲಿ ಒಂದೇ ಒಂದು ಮೀನು ನನ್ನ ಕಡೆ ತಲೆ ಹಾಕದು ಎಂದೆ, ಹೌದು ಭಾವಾ, ಅಂದ ಅವನು, ಅಷ್ಟೇ, ಹೌದು ಎಂದು ಒಪ್ಪಿಕೊಂಡುಬಿಟ್ಟರೆ ಜಗಳವಾಡುವುದು ಯಾರೊಡನೆ. ಪೊಟ್ಟಣವನ್ನು ಸೋಫಾದ ದಿಂಬಿನ ಕೆಳಗೆ ತುರುಕಿದ್ದೇನೆ, ಕೇಳಿದರೆ ಅಳತೆ ಆಗಲಿಲ್ಲ ಎನ್ನುವುದು. ಎಷ್ಟು ವರ್ಷ ನಿಂತೆವು ಹೀಗೆ, ನಾನು ಈ ದಡ, ಅವನು ಆ ದಡ, ನಡುವೆ ಹರಿಯುವ ಬೆಳಕು, ನಾನು ಕೋಲು ಎತ್ತಿದರೆ ಅವನೂ ಎತ್ತುತ್ತಿದ್ದ, ದಾರಗಳೆರಡೂ ಗಾಳಿಯಲ್ಲಿ ಒಂದೇ ಅಕ್ಷರ ಬರೆಯುತ್ತಿದ್ದವು, ಕನ್ನಡಿಯ ಮುಂದೆ ನಿಂತ ಹಾಗೆ, ನನ್ನದೇ ಕೈ ಅಲ್ಲಿ ಎದ್ದ ಹಾಗೆ. ಒಮ್ಮೆ ನನ್ನ ದಾರಕ್ಕೆ ದೊಡ್ಡದು ಬಿದ್ದು ಕೋಲು ಬಿಲ್ಲಾಗಿ ಬಾಗಿ ಕಾಲು ಜಾರುತ್ತಿದ್ದಾಗ, ಸೊಂಟದವರೆಗಿನ ನೀರನ್ನು ಸೀಳಿಕೊಂಡು ಆ ದಡದಿಂದ ಬಂದ, ಕಣ್ಣು ನನ್ನ ಮೀನಿನ ಮೇಲೆ, ಕೈ ಬೆನ್ನ ಹಿಂದೆ, ತಡಕಲಿಲ್ಲ, ತಿರುಗಲಿಲ್ಲ, ಬೆರಳು ಬಿಚ್ಚಿದ್ದೇ ಬಲೆ ಅಲ್ಲಿತ್ತು, ಮೀನು ಬಲೆಯಲ್ಲಿ, ನಾನು ಅವನ ಹೆಗಲ ಮೇಲೆ. ಮೀನನ್ನು ನೀರಿಗೆ ಬಿಟ್ಟೆವು, ಆ ಕೈಯನ್ನು ಮಾತ್ರ ಮರೆತಿಲ್ಲ ನಾನು.

ಬಾಗಿಲ ಗಂಟೆ. ಬಂದ, ಮಾತಿನ ಮೊದಲು ನಗು, ಆಟೋದವನು ಬಾಗಿಲವರೆಗೆ ಬಿಟ್ಟುಹೋದ, ಅಕ್ಕಾ, ಪರೀಕ್ಷೆಗೆ ಹಾಲ್ ಟಿಕೆಟ್ ತಂದಿಲ್ಲ, ಒಳಗೆ ಬಿಡ್ತೀಯಾ. ಬಾಯಿ ಮುಚ್ಕೊಂಡು ಅಂಗಿ ಹಾಕ್ಕೊ, ಎಂದಳು ಇವಳು, ತಮ್ಮನ ಕಾಲರನ್ನು ಸರಿಮಾಡುತ್ತಲೇ ಗದರಿದಳು, ನಾನು ಅಂಗಿಯನ್ನು ಹಿಡಿದೆ, ಅವನು ತೋಳು ತೂರಿಸಿದ, ಏನ್ ಭಾವಾ, ಜೇಬನ್ನೆಲ್ಲ ಹೊಲಿದುಬಿಟ್ಟಿದ್ದೀರಲ್ಲ, ಸ್ವರ್ಗಕ್ಕೆ ಕಳಿಸೋ ಅಂಗಿನಾ ಇದು. ಪರೀಕ್ಷಕಿ ಅವನ ಹಿಂದೆ ಹೋಗಿ ನಿಂತಳು, ಕಣ್ಣಂಚಿನಲ್ಲೂ ತನ್ನ ಮುಖದ ಸುಳಿವು ಸಿಗಬಾರದಂತೆ, ನಾನು ಅವನ ಮುಖವೂ ಬೆನ್ನೂ ಕಾಣುವಂತೆ ಪಕ್ಕಕ್ಕೆ, ತುಟಿ ಹೊಲಿದುಕೊಂಡು. ನೊಣದ ಡಬ್ಬಿ, ಎಂದಳು. ಅವನ ಕೈ ಎದೆಯ ಮೇಲೆ ಅಲೆಯಿತು, ಮೊಣಕೈ ಎತ್ತಿ ಮಣಿಕಟ್ಟು ಒಳಕ್ಕೆ ಮಡಚಿ, ಅದೇಕೆ ಹಾಗೆ ತಿರುಚುತ್ತಾನೆ, ನಾನು ಮಾಡುವಾಗ ಎಷ್ಟು ಸಲೀಸಾಗಿತ್ತು, ಸಿಕ್ಕಿತು. ಕತ್ತರಿ, ತಡವಾಯಿತು, ಹುರಿ ಬೆರಳಿಗೆ ಸುತ್ತಿಕೊಂಡಿತು, ಸಿಕ್ಕಿತು. ಚಿಮುಟ, ಬಟ್ಟೆಯ ಮೇಲೆ ಉಗುರು ಕೆರೆಯುವ ಸದ್ದು, ಹಣೆಯ ಮೇಲೆ ಬೆವರು, ಸಿಕ್ಕಿತು, ನನ್ನ ಉಸಿರು ಹೊರಬಿತ್ತು. ಬಲೆ, ಎಂದಳು. ಅವನು ಆತ್ಮವಿಶ್ವಾಸದಿಂದ ಮುಗುಳ್ನಕ್ಕ, ಇದು ಅವನ ಹಳೆಯ ವಿದ್ಯೆ, ಕೈ ಬೆನ್ನ ಹಿಂದೆ ಹೋಯಿತು, ಬೆರಳು ಬಿಚ್ಚಿದವು, ಮುಚ್ಚಿದವು, ಬಿಚ್ಚಿದವು, ಗಾಳಿ, ಬರಿ ಗಾಳಿ — ಎಡಗೈ. ಎಡಗೈ ಅದು, ಅಯ್ಯೋ ಮೂರ್ಖ, ಅವನು ಎಡಚನಲ್ಲವೇ, ಊಟಕ್ಕೆ ಪಕ್ಕದಲ್ಲಿ ಕೂತಾಗಲೆಲ್ಲ ಮೊಣಕೈಗೆ ಮೊಣಕೈ ತಾಗಿ ರೇಗಿದವನು ನಾನೇ, ಗೊತ್ತಿಲ್ಲದ ಸಂಗತಿಯೇ, ಆದರೆ ನದಿಯಲ್ಲಿ ಯಾವಾಗಲೂ ಎದುರು ದಡ, ಕನ್ನಡಿ, ಅವನ ಎಡ ನನ್ನ ಬಲದ ನೇರಕ್ಕೆ, ನನ್ನ ಮೈಯನ್ನೇ ಅವನ ಮೈಯೆಂದು ಬಗೆದು ಅಂಗಿಯನ್ನೆಲ್ಲ ನನ್ನ ಕೈಗೆ ಜೋಡಿಸಿಟ್ಟಿದ್ದೇನೆ, ಕಣ್ಣು ಮುಚ್ಚಿ ಅಭ್ಯಾಸ ಮಾಡಿದ ಮಹಾ ಜಾಣ. ಬಲೆ ಇದೆ, ಒಂದು ಗೇಣು ಆಚೆ, ಬಲ ಹೆಗಲ ಕೆಳಗೆ, ಸುಮ್ಮನೆ ತೂಗುತ್ತಿದೆ, ಬಲಕ್ಕೋ ಎಂದು ಒಂದು ಮಾತು ಸಾಕು, ಆ ಮಾತು ಹೊರಬಿದ್ದರೆ ಕೋಲು ಅಟ್ಟಕ್ಕೆ, ಅವನ ಮುಗುಳ್ನಗೆ ತುದಿಯಿಂದ ಒಣಗುತ್ತ ಬಂತು, ಬೆರಳು ಬಿಚ್ಚುತ್ತಿವೆ, ಮುಚ್ಚುತ್ತಿವೆ, ನಾನು ಅವನ ಭುಜದ ಮೇಲಿಂದ ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಲಿಲ್ಲ, ತಮ್ಮನ ಆ ಕೈಯನ್ನು ನೋಡುತ್ತಿದ್ದಳು. ಆಮೇಲೆ, ಪಾತ್ರೆ ತೊಳೆದ ಸೋಪಿನ ವಾಸನೆಯಿರುವ ಆ ಎರಡು ಬೆರಳಿಂದ ಬಲೆಯನ್ನು ಮೆಲ್ಲಗೆ ತಳ್ಳಿದಳು, ಇಷ್ಟೇ ಇಷ್ಟು. ಅವನ ಕೈ ಮುಚ್ಚಿಕೊಂಡಿತು, ಬಲೆಯ ಹಿಡಿಯ ಮೇಲೆ, ಅವಳ ಬೆರಳ ಮೇಲೆ ಕೂಡ. ಸಿಕ್ತು ಅಕ್ಕಾ, ಎಂದ, ತಿರುಗದೆ, ಎಂದಿಗಿಂತ ಮೆತ್ತಗೆ. ಹೂಂ, ಪಾಸು, ಕತ್ತಲಾಗೋದ್ರೊಳಗೆ ಬನ್ನಿ, ಎಂದು ಒಳಗೆ ಹೋದವಳು ನಲ್ಲಿಯನ್ನು ಜೋರಾಗಿ ತಿರುಗಿಸಿ ಬಿಟ್ಟಳು, ತೊಳೆಯಲು ಒಂದು ಪಾತ್ರೆಯೂ ಇರಲಿಲ್ಲ ಅಲ್ಲಿ.

ಅಯಸ್ಕಾಂತವನ್ನು ಎಡಕ್ಕೆ ಸಿಕ್ಕಿಸಿದ್ದೇನೆ, ಡಬ್ಬಿ ಬಲಕ್ಕೆ, ಹೊಲಿದ ಜೇಬನ್ನು ಬಿಚ್ಚಿ, ತೆರೆದದ್ದನ್ನು ಹೊಲಿದು, ಬಡಬಡಿಸುತ್ತ, ಬೆಳಗಿನ ಕೆಲಸವೆಲ್ಲ ಮಣ್ಣುಪಾಲು, ನೊಣಗಳು ಮತ್ತೆ ಬಲೆಯ ಹಿಡಿಗೆ ಗಡ್ಡ ಬಿಟ್ಟಿವೆ, ಭಾವಾ, ಹೊತ್ತಾಯ್ತು, ಮೀನುಗಳಿಗೂ ಮನೆಯಿದೆ, ಎಂದು ಬಾಗಿಲಲ್ಲಿ ಅವನ ತಗಾದೆ, ಬಂದೆನಪ್ಪಾ ಬಂದೆ, ಈಗ ಎಲ್ಲ ಸರಿಯಾಗಿದೆ, ಎಡಗೈಗೆ ಎಡದ ಬಲೆ, ಸಿಕ್ಕೇ ಸಿಗುತ್ತದೆ. ಸಿಗುತ್ತದೆಯೇ, ಕಾರಿನ ಸೀಟಿಗೆ ತಾಗಿ ಒಂದು ಗೇಣು ಸರಿದರೆ, ಒಂದು ಮುಳ್ಳುಕೊಂಬೆ ಎಳೆದರೆ, ಅಲ್ಲಿ ನೀರಿದೆ, ಕಾಲಡಿ ಉರುಳುವ ಕಲ್ಲಿದೆ, ಬೆನ್ನ ಹಿಂದೆ ಸೋಪಿನ ವಾಸನೆಯ ಎರಡು ಬೆರಳಿಲ್ಲ, ಇರಬೇಕಾದದ್ದು ನಾನು, ಎದುರು ದಡದಲ್ಲಲ್ಲ, ಅವನ ಹಿಂದೆ, ಕೈಗೆಟುಕುವಷ್ಟು ಹತ್ತಿರ, ಕೋಲಿಲ್ಲದೆ, ಎರಡೂ ಕೈ ಖಾಲಿ, ಹಾಗಾದರೆ ನನ್ನ ಕೋಲನ್ನು ಯಾಕೆ ಒಯ್ಯುವುದು, ಗೋಡೆಗೆ ಒರಗಿಸಿದೆ, ಹಾಳಾಗಲಿ, ಸೋಫಾದ ದಿಂಬು ಎತ್ತಿದೆ, ಪೊಟ್ಟಣ, ಸರಸರ ಸದ್ದು, ಪಾಚಿಯ ಅಂಗಿಯ ಗುಂಡಿ ಬಿಚ್ಚಿದೆ, ಕಿತ್ತಳೆಯ ತೋಳಿಗೆ ಕೈ ತೂರಿಸಿದೆ, ಅಳತೆ ಸರಿಯಾಗಿಯೇ ಇದೆ, ದರಿದ್ರದ್ದು, ನದಿಯ ಮೀನುಗಳೆಲ್ಲ ನೋಡಿ ಓಡಲಿ, ಅವನೊಬ್ಬನ ಕಣ್ಣಂಚಿಗೆ ನಾನು ಕಂಡರೆ, ಕಂಡರೂ ಅವನು ತಿರುಗುವುದಿಲ್ಲ, ಕಣ್ಣು ನೀರಿನ ಮೇಲೆಯೇ ಇರುತ್ತದೆ, ಕೈ ಮಾತ್ರ ಹಿಂದಕ್ಕೆ ಬರುತ್ತದೆ, ಗುಂಡಿ ಸಿಗುತ್ತಿಲ್ಲ, ಬರುತ್ತದೆ ಹಿಂದಕ್ಕೆ, ಎಡಗೈ, ಬೆರಳು ಬಿಚ್ಚಿ, ಮುಚ್ಚಿ, ಬಿಚ್ಚಿ —