ಕಡಿಯದೆ ಕೊಂದ ಮರ

ಉರ್ವದಲ್ಲಿ ಮೋಹಿನಿಯಮ್ಮನ ಮಗ ರಿತೇಶ್ ಹೊಸ ಮನೆ ಕಟ್ಟಿಸುತ್ತಿದ್ದ. ಜಾಗದ ಮೂಲೆಯಲ್ಲಿ, ರಸ್ತೆಗೆ ತಾಗಿ, ಒಂದು ರೆಂಜೆ, ಅಂದರೆ ಬಕುಳದ ಮರ. ಅದರ ಹೂವನ್ನು ಪೋಣಿಸಿ ದೇವಿಗೆ ಏರಿಸದೆ ಮೋಹಿನಿಯಮ್ಮ ಚಹಾ ಕುಡಿದವರಲ್ಲ.

ಕೆಲಸ ಶುರುವಾಗುವ ದಿನ ರಿತೇಶ್ ಮರದ ಬುಡದಲ್ಲಿ ತೆಂಗಿನಕಾಯಿ ಒಡೆದು ಕೈ ಮುಗಿದ. ಆಮೇಲೆ ಜೆಸಿಬಿಯವನಿಗೆ, “ಮರಕ್ಕೆ ತಾಗಿಸಬೇಡ ಮಾರಾಯ. ಕಾಂಪೌಂಡಿನ ಪಾಯ ಅದರ ಪಕ್ಕದಲ್ಲೇ ತೆಗಿ,” ಎಂದ.

“ನಿಲ್ಲಿಸು!” ಮೋಹಿನಿಯಮ್ಮ ಕೂಗಿದರು.

“ಎಂತ ಅಮ್ಮ? ಮರ ಕಡಿಯುದಿಲ್ಲ. ಪೂಜೆ ಸಹ ಆಯ್ತಲ್ಲ!”

“ನಿನ್ನ ಅಪ್ಪನ ಮೇಲೆ ಬಿದ್ದ ಮರವನ್ನು ಯಾರಾದರೂ ಕಡಿದಿದ್ರಾ?”

ಕಳೆದ ಮಳೆಗಾಲದ ಮೊದಲು ಪಡೀಲಿನಲ್ಲಿ ಚರಂಡಿ ತೋಡುವಾಗ ಒಂದು ಮರದ ಬೇರನ್ನು ಒಂದು ಬದಿ ಪೂರ್ತಿ ಕತ್ತರಿಸಿದ್ದರು. ಮೊದಲ ಗಾಳಿಮಳೆಗೇ ಅದು ಉರುಳಿತು. ಮೀನು ಮಾರಿ ಸ್ಕೂಟರಿನಲ್ಲಿ ಬರುತ್ತಿದ್ದ ರಿತೇಶನ ಅಪ್ಪ ತುಕ್ರಣ್ಣ ಮನೆ ತಲುಪಲಿಲ್ಲ. “ಹಳೆಯ ಮರ, ದೇವರ ಇಚ್ಛೆ,” ಎಂದು ಗುತ್ತಿಗೆದಾರ ಕೈ ತೊಳೆದುಕೊಂಡ.

“ಬೇರು ಕತ್ತರಿಸಿದ್ದು ದೇವರಾ?” ಎಂದರು ಮೋಹಿನಿಯಮ್ಮ. “ನೀನೂ ಹಾಗೇ ಮಾಡು. ಕಾಯಿ ಒಡೆದು ಕುತ್ತಿಗೆ ಕೊಯ್ಯಿ!”

ಗಲಾಟೆ ಕೇಳಿ ನೆರೆಮನೆಯ ಗ್ಲ್ಯಾಡಿಸ್ ಬಂದರು. ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದವರು.

“ಅಮ್ಮ ಹೇಳುವುದು ಸರಿ, ರಿತೇಶ್. ಬೇರು ಬರೀ ಆಳಕ್ಕೆ ಹೋಗುವುದಲ್ಲ. ಹೆಚ್ಚಿನದು ಮೇಲಿನ ಮಣ್ಣಿನಲ್ಲೇ, ಕೊಂಬೆಗಳಿಂದ ಆಚೆಗೂ ಹರಡಿ ಉಂಟು.”

“ಹಾಗಾದ್ರೆ ಗೋಡೆಯನ್ನು ಆಕಾಶದಲ್ಲಿ ಕಟ್ಟುವುದಾ, ಟೀಚರ್?”

“ಸ್ವಲ್ಪ ಆಕಾಶದಲ್ಲೇ ಕಟ್ಟು! ಕೈಯಲ್ಲಿ ಗುಂಡಿ ತೋಡಿಸಿ, ದೊಡ್ಡ ಬೇರಿಲ್ಲದ ಕಡೆ ಕಂಬ ನಿಲ್ಲಿಸು. ನೆಲದಿಂದ ಮೇಲೆ ಬೀಮ್ ಹಾಯಿಸಿ, ಅದರ ಮೇಲೆ ಗೋಡೆ ಕಟ್ಟು. ಕೊಂಬೆ ಹರಡಿದಷ್ಟು ಜಾಗಕ್ಕೆ ಈಗಲೇ ಬೇಲಿ ಹಾಕು. ಅದರೊಳಗೆ ಜಲ್ಲಿ, ಸಿಮೆಂಟಿನ ನೀರು, ಲಾರಿ ಯಾವುದೂ ಬೇಡ. ಬುಡಕ್ಕೆ ಮಣ್ಣು ಏರಿಸಬೇಡ, ಇಂಟರ್‌ಲಾಕ್ ಕಲ್ಲು ಹಾಸಬೇಡ. ಬೇರಿಗೂ ಉಸಿರು ಬೇಕು.”

“ಅಂಗಳ ಸಣ್ಣದಾಗ್ತದೆ.”

“ಅಪ್ಪ ಇಲ್ಲದ ಮನೆ ಎಷ್ಟು ದೊಡ್ಡದು ಅಂತ ನೋಡಿದ್ದೀಯಲ್ಲ,” ಎಂದರು ಮೋಹಿನಿಯಮ್ಮ.

ರಿತೇಶ್ ಮರದಾಚೆ ನೋಡಿದ. ಅದರ ನೆರಳಿನಲ್ಲಿ ಶಾಲೆಯ ಮಕ್ಕಳು ಬಸ್ಸಿಗೆ ಕಾಯುತ್ತಿದ್ದರು. ಅವನು ಜೆಸಿಬಿಯನ್ನು ವಾಪಸು ಕಳುಹಿಸಿದ. ಆ ಜಾಗದಲ್ಲಿ ಮೊದಲು ಎದ್ದದ್ದು ರೆಂಜೆಯ ಸುತ್ತಲಿನ ಬೇಲಿ, ಮನೆ ಆಮೇಲೆ.

ಮನೆ ಕಟ್ಟಿಸುವವರೇ, ನಿಮ್ಮ ನಕ್ಷೆಯಲ್ಲಿ ಮರವನ್ನೂ ಗುರುತಿಸಿ. ಕಡಿಯಲೇಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಕೇಳಿ. ರಸ್ತೆ ಬದಿಯಲ್ಲಿ ಬೇರು ಕತ್ತರಿಸುವುದನ್ನು ಕಂಡರೆ ದಾಟಿ ಹೋಗಬೇಡಿ; ಕೂಗಿ ನಿಲ್ಲಿಸಿ, ಪಾಲಿಕೆಗೆ ತಿಳಿಸಿ. ಬೇರು ಕತ್ತರಿಸಿದ ಮೇಲೆ, ಮರ ಬಿದ್ದ ದಿನ ದೇವರ ಹೆಸರು ಹೇಳಬೇಡಿ.